ಮದುವೆ ಎಂಬ ಒಡಂಬಡಿಕೆ: ರಿಫಾರ್ಮ್ಡ್ ಕ್ರೈಸ್ತರ ನೋಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಕೂರಿಸಿಕೊಂಡು ನಾಲ್ಕೈದು ಸಂಜೆ ಮಾತಾಡುವುದು ವಾಡಿಕೆ. ಪ್ರತಿ ಸಲವೂ ಹೆಚ್ಚು ಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಕೆಲವನ್ನು ಮದುವೆಯಾಗುವವರು ಕೇಳುತ್ತಾರೆ. ಇನ್ನು ಕೆಲವನ್ನು ಅವರ ಅಮ್ಮಂದಿರು, ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಮೆಲ್ಲಗೆ ಕೇಳುತ್ತಾರೆ. ನಿಜವಾದ ಪ್ರಶ್ನೆಗಳು ಬರುವುದು ಅಲ್ಲೇ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ರಿಫಾರ್ಮ್ಡ್ ಅಂದರೆ ಯಾರು? ಪ್ರೊಟೆಸ್ಟೆಂಟರೇ ಅಲ್ವಾ?

ಹೌದು, ಪ್ರೊಟೆಸ್ಟೆಂಟರೇ. 16ನೇ ಶತಮಾನದಲ್ಲಿ ಯುರೋಪಿನ ಕಥೊಲಿಕ ಸಭೆಯಿಂದ ಬೇರೆಯಾದ ಸುಧಾರಣೆಯ ಚಳವಳಿಯಲ್ಲಿ ಎರಡು ದೊಡ್ಡ ಹೊಳೆಗಳು ಹರಿದವು. ಒಂದು ಜರ್ಮನಿಯಲ್ಲಿ ಮಾರ್ಟಿನ್ ಲೂಥರ್‌ನಿಂದ ಹೊರಟದ್ದು. ಇನ್ನೊಂದು ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ ಮತ್ತು ಬುಲಿಂಗರ್, ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್ ಇವರಿಂದ ಹೊರಟದ್ದು. ಈ ಎರಡನೆಯದು ರಿಫಾರ್ಮ್ಡ್. ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ನರು, ಹಾಲೆಂಡಿನ ಸಭೆಗಳು, ಇಂಗ್ಲೆಂಡಿನ ಪ್ಯೂರಿಟನ್ನರು ಎಲ್ಲ ಇದೇ ಹೊಳೆಯವರು.

ಕನ್ನಡ ನಾಡಿಗೆ ಇದು ಹೊಸದೇನಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಬೇರು ಇಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಬೆರೆತಿದ್ದವು.

ಈ ಪುಟದಲ್ಲಿ ರಿಫಾರ್ಮ್ಡ್ ಸಭೆಗಳು ತಮ್ಮ ನಂಬಿಕೆಯನ್ನು ಬರೆದಿಟ್ಟ ಎರಡು ಹಳೆಯ ಬರಹಗಳ ಹೆಸರು ಬರುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಒಂದು. 1646ರಲ್ಲಿ ಬರೆದು ಮುಗಿಸಿದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸದ ಅರಿಕೆ ಇನ್ನೊಂದು. ಅದರ 24ನೇ ಅಧ್ಯಾಯ ಪೂರ್ತಿ ಮದುವೆ ಮತ್ತು ವಿಚ್ಛೇದನದ ಬಗ್ಗೆ.

ಮದುವೆ ಒಂದು ಸಂಸ್ಕಾರವೇ?

ಕನ್ನಡದಲ್ಲಿ ಈ ಪ್ರಶ್ನೆ ಸ್ವಲ್ಪ ಜಾರುತ್ತದೆ. ಹಿಂದೂ ಮನೆಯಲ್ಲಿ ಬೆಳೆದವರಿಗೆ ಸಂಸ್ಕಾರ ಅಂದರೆ ಹದಿನಾರು ಸಂಸ್ಕಾರಗಳು, ಅದರಲ್ಲಿ ವಿವಾಹ ಒಂದು. ಕಥೊಲಿಕರಿಗೆ ಏಳು ಸಂಸ್ಕಾರಗಳು, ಅದರಲ್ಲೂ ಮದುವೆ ಇದೆ. ರಿಫಾರ್ಮ್ಡ್ ಸಭೆಯಲ್ಲಿ ಸಂಸ್ಕಾರ ಎರಡೇ: ದೀಕ್ಷಾಸ್ನಾನ (ನೀರಿನಿಂದ ಸಭೆಗೆ ಸೇರಿಸಿಕೊಳ್ಳುವುದು) ಮತ್ತು ಕರ್ತನ ರಾತ್ರಿ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು). ಮದುವೆ ಆ ಪಟ್ಟಿಯಲ್ಲಿ ಇಲ್ಲ.

ಯಾಕೆ ಇಲ್ಲ? ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲನಾದ ಪೌಲನು ಮದುವೆಯನ್ನು ದೊಡ್ಡ ಗುಟ್ಟು ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಕರೆಯುತ್ತಾನೆ. ಲ್ಯಾಟಿನ್ ಬೈಬಲಿನಲ್ಲಿ ಆ ಮಾತು 'ಸಾಕ್ರಮೆಂತುಮ್' ಎಂದಾಯಿತು. ಅಲ್ಲಿಂದ ಮದುವೆಗೂ ಸಂಸ್ಕಾರದ ಪಟ್ಟ ಸಿಕ್ಕಿತು ಅನ್ನುವುದು ಸುಧಾರಕರ ತಕರಾರು. ಕ್ಯಾಲ್ವಿನ್ ಇದನ್ನು ಕುಟುಕುತ್ತಲೇ ಹೇಳುತ್ತಾನೆ: ಮದುವೆ ದೇವರು ಕೊಟ್ಟ ಒಳ್ಳೆಯ ಏರ್ಪಾಡು, ಸರಿ. ಆದರೆ ಬೇಸಾಯ, ಮನೆ ಕಟ್ಟುವುದು, ಚಪ್ಪಲಿ ಹೊಲಿಯುವುದು, ಕ್ಷೌರ ಮಾಡುವುದು ಇವೂ ದೇವರು ಕೊಟ್ಟವೇ. ಅವನ್ನೆಲ್ಲ ಯಾರೂ ಸಂಸ್ಕಾರ ಅನ್ನುವುದಿಲ್ಲ!

ಇದನ್ನು ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಮದುವೆಯನ್ನು ಕ್ಷೌರದ ಸಾಲಿಗೆ ತಂದರಲ್ಲ ಅಂತ. ನನಗೆ ಅದು ತಿರುಗಾಮುರುಗಾ ಕಾಣುತ್ತದೆ. ಕೈಕಸುಬನ್ನು ದೇವರ ಕೆಲಸದ ಮಟ್ಟಕ್ಕೆ ಎತ್ತಿದ ಹಾಗೆ. ಮದುವೆ ಕ್ರೈಸ್ತರ ಸೊತ್ತಲ್ಲ. ಅದು ಆದಿಕಾಂಡದ 2ನೇ ಅಧ್ಯಾಯದಿಂದಲೇ ಎಲ್ಲ ಮನುಷ್ಯರಿಗೂ ಕೊಟ್ಟದ್ದು. ಹಾಗಾಗಿ ನಿಮ್ಮ ಪಕ್ಕದ ಮನೆಯ ಹಿಂದೂ ದಂಪತಿಯ, ಎದುರು ಮನೆಯ ಮುಸ್ಲಿಂ ದಂಪತಿಯ ಮದುವೆಯೂ ದೇವರ ಮುಂದೆ ನಿಜವಾದ ಮದುವೆಯೇ.

ಸಂಸ್ಕಾರ ಅಲ್ಲ ಅಂದರೆ ಬರೀ ಕರಾರಾ?

ಅದೂ ಅಲ್ಲ. ಇಲ್ಲಿ ಒಡಂಬಡಿಕೆ ಅನ್ನುವ ಮಾತು ಬರುತ್ತದೆ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಪೇಪರಿನಲ್ಲಿ ಸರ್ಕಾರ ಮತ್ತು ಕಂಪನಿ ಒಡಂಬಡಿಕೆಗೆ ಸಹಿ ಹಾಕಿದವು ಅಂತ ಓದುತ್ತೇವೆ. ಅದು ಕರಾರಿನ ಅರ್ಥ. ನೀನು ಜಾಗ ಕೊಟ್ಟರೆ ನಾನು ಕಾರ್ಖಾನೆ ಹಾಕುತ್ತೇನೆ. ನೀನು ತಪ್ಪಿದರೆ ನಾನೂ ಬಿಟ್ಟೆ. ಬೈಬಲಿನಲ್ಲಿ ಆ ಮಾತಿಗೆ ಬೇರೆ ತೂಕ ಇದೆ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಅಂತ ಇಡೀ ಪುಸ್ತಕವೇ ಆ ಹೆಸರಿನ ಮೇಲೆ ನಿಂತಿದೆ. ಆದಿಕಾಂಡ 15ರಲ್ಲಿ ಅಬ್ರಹಾಮನು ಪ್ರಾಣಿಗಳನ್ನು ಕಡಿದು ಎರಡು ಸಾಲಾಗಿ ಇಡುತ್ತಾನೆ. ಮಾತು ಕೊಟ್ಟವರು ಆ ಸಾಲುಗಳ ನಡುವೆ ಹಾದುಹೋಗುವುದು ಅಂದಿನ ಪದ್ಧತಿ. ತಪ್ಪಿದರೆ ನನಗೂ ಹೀಗೇ ಆಗಲಿ ಎಂದು. ಆದರೆ ಅಬ್ರಹಾಮ ಹಾದುಹೋಗುವುದಿಲ್ಲ. ಅವನು ನಿದ್ದೆಯಲ್ಲಿದ್ದಾನೆ. ಹೊಗೆಯಾಡುವ ಒಲೆ, ಉರಿಯುವ ದೀವಟಿಗೆ ಹಾದುಹೋಗುತ್ತವೆ, ಅಂದರೆ ದೇವರು ಒಬ್ಬನೇ. ಪೂರ್ತಿ ಹೊಣೆ ತಾನೇ ಹೊತ್ತುಕೊಂಡ.

ಮದುವೆಗೂ ಬೈಬಲ್ ಇದೇ ಮಾತನ್ನು ಬಳಸುತ್ತದೆ. ಮಲಾಕಿಯ 2:14ರಲ್ಲಿ ಹೆಂಡತಿಯನ್ನು ಒಡಂಬಡಿಕೆಯ ಹೆಂಡತಿ ಅನ್ನುತ್ತದೆ, ದೇವರೇ ಅದಕ್ಕೆ ಸಾಕ್ಷಿ ಎನ್ನುತ್ತದೆ. ಕ್ಯಾಲ್ವಿನ್ ಇಂಥ ವಚನಗಳನ್ನು ಹಿಡಿದೇ ಮದುವೆಯ ವಿಚಾರವನ್ನು ಕಟ್ಟಿದ. ಗಂಡ, ಹೆಂಡತಿ ಇಬ್ಬರೇ ಸೇರಿ ಮಾಡಿಕೊಂಡದ್ದಲ್ಲ, ಮೂರನೆಯವನೊಬ್ಬ ನಡುವೆ ಇದ್ದಾನೆ.

ಇದರಿಂದ ದಿನದಿನದ ಬದುಕಿನಲ್ಲಿ ಏನು ಬದಲಾಗುತ್ತದೆ? ಪ್ರೀತಿ ಇರುವ ತನಕ ಮಾತು ಉಳಿಯುತ್ತದೆ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಒಡಂಬಡಿಕೆಯ ಲೆಕ್ಕ ತಿರುಗುಮುರುಗು. ಕೊಟ್ಟ ಮಾತು ಇರುವುದರಿಂದ ಪ್ರೀತಿಗೆ ಬೆಳೆಯಲು ಜಾಗ ಸಿಗುತ್ತದೆ. ರಾತ್ರಿ ಜಗಳವಾಡಿ ಮುಖ ತಿರುಗಿಸಿ ಮಲಗಿದಾಗಲೂ, ಬೆಳಿಗ್ಗೆ ಇವನು ಇಲ್ಲೇ ಇರುತ್ತಾನೆ, ಇವಳು ಇಲ್ಲೇ ಇರುತ್ತಾಳೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಆ ಧೈರ್ಯ ಇದ್ದರೆ ತಪ್ಪು ಒಪ್ಪಿಕೊಳ್ಳುವುದು ಸುಲಭ. ಇಪ್ಪತ್ತನಾಲ್ಕು ವರ್ಷದ ನನ್ನ ಸಂಸಾರದಲ್ಲಿ ಇದನ್ನು ಓದಿ ಕಲಿತದ್ದಕ್ಕಿಂತ ಅಡುಗೆಮನೆಯಲ್ಲಿ ಕಲಿತದ್ದೇ ಜಾಸ್ತಿ.

ಮದುವೆ ಯಾಕೆ ಬೇಕು? ಮಕ್ಕಳಾಗದಿದ್ದರೆ ಅದು ಅರ್ಧ ಮದುವೆಯೇ?

ವೆಸ್ಟ್‌ಮಿನ್‌ಸ್ಟರ್ ಅರಿಕೆ ಮದುವೆಗೆ ಕೊಡುವ ಕಾರಣಗಳಲ್ಲಿ ಮೊದಲನೆಯದು ಗಂಡ ಹೆಂಡತಿ ಒಬ್ಬರಿಗೊಬ್ಬರು ಆಸರೆಯಾಗುವುದು. ಮಕ್ಕಳು ಆಮೇಲೆ. ಕಾಮದ ಹಾದಿ ತಪ್ಪದಂತೆ ಕಾಯುವುದು ಕೊನೆಗೆ. ಈ ಸಾಲು ಸುಮ್ನೆ ಬಂದದ್ದಲ್ಲ. ಆದಿಕಾಂಡದಲ್ಲಿ ದೇವರು ಹೇಳಿದ್ದು ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಎಂದು. ಅವನಿಗೆ ಮಕ್ಕಳಿಲ್ಲ ಎಂದಲ್ಲ.

ಹಾಗಾಗಿ ಮಕ್ಕಳಿಲ್ಲದ ಮದುವೆ ಪೂರ್ತಿ ಮದುವೆಯೇ. ಮದುವೆಯಾಗಿ ಎರಡು ವರ್ಷಕ್ಕೆ ಹುಡುಗಿಯನ್ನು ಮೂಲೆಗೆ ಕರೆದು ಏನಾದರೂ ವಿಶೇಷ ಉಂಟಾ ಎಂದು ಕೇಳುವ ಅತ್ತೆ, ಚಿಕ್ಕಮ್ಮಂದಿರಿಗೆ ನಾನು ಈ ಸಾಲನ್ನು ಓದಿ ಹೇಳಿದ್ದುಂಟು. ಅವರು ಕೇಳುವುದನ್ನು ನಿಲ್ಲಿಸಲಿಲ್ಲ, ಅದು ಬೇರೆ ಮಾತು. ಮಕ್ಕಳು ಬಂದರೆ ವರ. ಅವರೂ ಒಡಂಬಡಿಕೆಗೆ ಸೇರಿದವರು ಎಂದೇ ರಿಫಾರ್ಮ್ಡ್ ಸಭೆಗಳು ಹಸುಗೂಸಿಗೂ ದೀಕ್ಷಾಸ್ನಾನ ಕೊಡುವುದು.

ಆ ಸುಧಾರಕರು ತಾವು ಮದುವೆಯಾಗಿದ್ದರಾ?

ಆಗಿದ್ದರು. ಅದೇ ಅಂದಿನ ದೊಡ್ಡ ಗುಲ್ಲು. ಪಾದ್ರಿಗಳು ಮದುವೆಯಾಗಬಾರದು ಎಂಬ ಕಟ್ಟಳೆ ಇದ್ದ ಕಾಲ. ಜ್ಯೂರಿಕ್‌ನಲ್ಲಿ ಜ್ವಿಂಗ್ಲಿ 1522ರಿಂದ ಗುಟ್ಟಾಗಿ ಅನ್ನಾ ರೈನ್‌ಹಾರ್ಟ್ ಎಂಬ ವಿಧವೆಯ ಜೊತೆ ಸಂಸಾರ ಮಾಡಿ, 1524ರಲ್ಲಿ ಎಲ್ಲರ ಮುಂದೆ ಮದುವೆಯಾದ. ಲೂಥರ್ 1525ರಲ್ಲಿ, ಮಠದಿಂದ ತಪ್ಪಿಸಿಕೊಂಡು ಬಂದಿದ್ದ ಕಥರೀನಾ ಫಾನ್ ಬೋರಾಳನ್ನು ಮದುವೆಯಾದ. ಮೊದಲ ವರ್ಷ ವಿಚಿತ್ರ ಅನಿಸುತ್ತದೆ, ಎಚ್ಚರವಾದಾಗ ಪಕ್ಕದ ದಿಂಬಿನ ಮೇಲೆ ಎರಡು ಜಡೆ ಕಾಣುತ್ತವೆ ಎಂದು ಊಟದ ಮೇಜಿನಲ್ಲಿ ನಗಾಡುತ್ತಿದ್ದನಂತೆ.

ಕ್ಯಾಲ್ವಿನ್ ಕಥೆ ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರದ ಹಾಗೇ ಇದೆ. ಗೆಳೆಯರೇ ಹುಡುಗಿ ಹುಡುಕಿದರು. ಒಬ್ಬಳು ಶ್ರೀಮಂತ ಮನೆತನದವಳು, ವರದಕ್ಷಿಣೆಯೂ ಜೋರು, ಆದರೆ ಫ್ರೆಂಚ್ ಬಾರದು. ಕ್ಯಾಲ್ವಿನ್ ಹೆದರಿದ. ನನ್ನ ಮಟ್ಟಕ್ಕೆ ಮೀರಿದ ಹಣ, ನಾಳೆ ಅವಳು ತನ್ನ ಹುಟ್ಟಿದ ಮನೆಯ ದೊಡ್ಡಸ್ತಿಕೆ ಎತ್ತಿದರೆ ಎಂದು. ಕೊನೆಗೆ 1540ರಲ್ಲಿ ಸ್ಟ್ರಾಸ್‌ಬೂರ್ಗ್‌ನಲ್ಲಿ ಇದೆಲೆತ್ ದ ಬ್ಯೂರ್ ಎಂಬ ವಿಧವೆಯನ್ನು ಮದುವೆಯಾದ. ಅವಳಿಗೆ ಮೊದಲ ಗಂಡನಿಂದ ಇಬ್ಬರು ಮಕ್ಕಳು. ಇವರಿಗೆ ಹುಟ್ಟಿದ ಗಂಡು ಮಗು 1542ರಲ್ಲಿ ಕೆಲವೇ ದಿನ ಬದುಕಿತು.

ಅಪ್ಪ ಅಮ್ಮ ನೋಡಿದ ಸಂಬಂಧವೋ, ಪ್ರೀತಿಸಿದ ಸಂಬಂಧವೋ? ಯಾವುದು ಸರಿ?

ಎರಡೂ ಸರಿ. ಒಪ್ಪಿಗೆ ಇರಬೇಕು, ಅಷ್ಟೇ. ಇಲ್ಲಿ 1546ರ ಜಿನೀವಾದ ಮದುವೆ ಕಟ್ಟಳೆಯ ಕರಡು ತುಂಬಾ ಕುತೂಹಲದ ಓದು. ಕ್ಯಾಲ್ವಿನ್ ಕೈ ಅದರಲ್ಲಿದೆ. ಅದು ಊರಿನ ಕಾನೂನಾದದ್ದು 1561ರಲ್ಲಿ.

ಅದಕ್ಕೆ ಮುಂಚೆ ಹುಡುಗ ಹುಡುಗಿ ಯಾವುದೋ ಹೋಟೆಲಿನಲ್ಲಿ ಗುಟ್ಟಾಗಿ ಮಾತು ಕೊಟ್ಟುಕೊಂಡರೂ ಮದುವೆ ಆದ ಹಾಗೆ ಲೆಕ್ಕ. ಆಮೇಲೆ ಒಬ್ಬರು ಇಲ್ಲ ಅಂದರೆ ಬೀದಿ ರಂಪ. ಜಿನೀವಾ ಇದನ್ನು ನಿಲ್ಲಿಸಿತು. 20 ತುಂಬದ ಹುಡುಗ, 18 ತುಂಬದ ಹುಡುಗಿ ಮದುವೆಯಾಗಲು ಅಪ್ಪನ ಒಪ್ಪಿಗೆ ಬೇಕು. ಸಭೆಯಲ್ಲಿ ಮೂರು ಭಾನುವಾರ ಪ್ರಕಟಣೆ ಆಗಬೇಕು. ಇಂದಿಗೂ ನಮ್ಮ ಸಭೆಗಳಲ್ಲಿ ಮೂರು ವಾರ ಹೆಸರು ಓದುತ್ತೇವಲ್ಲ, ಅದರ ಹಿಂದೆ ಇಂಥದ್ದೇ ಕಾರಣ ಇದೆ.

ಆದರೆ ಅದೇ ಕಟ್ಟಳೆ ಅಪ್ಪನ ಕೈಯನ್ನೂ ಕಟ್ಟಿತು. ಮಕ್ಕಳ ಮನಸ್ಸಿಗೆ ವಿರುದ್ಧವಾಗಿ ಯಾವ ಅಪ್ಪನೂ ಮದುವೆ ಮಾಡುವಂತಿಲ್ಲ. ಅಪ್ಪ ತೋರಿಸಿದ ಸಂಬಂಧವನ್ನು ಮಗಳು ವಿನಯದಿಂದ ಬೇಡ ಅನ್ನಬಹುದು, ಅದಕ್ಕೆ ಅವನು ಅವಳನ್ನು ಶಿಕ್ಷಿಸುವಂತಿಲ್ಲ. ಐದು ಶತಮಾನವಾಗುತ್ತಾ ಬಂತು. ನಮ್ಮ ಎಷ್ಟು ಮನೆಗಳು ಇಲ್ಲಿಗೆ ತಲುಪಿವೆ?

ಜಾತಿ ನೋಡುವುದರ ಬಗ್ಗೆಯೂ ಕೇಳುತ್ತಾರೆ. ಕ್ರೈಸ್ತರಾಗಿ ಮೂರು ತಲೆಮಾರಾದರೂ ಸಂಬಂಧ ಹುಡುಕುವಾಗ ಅವರು ಮೂಲದಲ್ಲಿ ಯಾರು ಎಂದು ಪಿಸುಗುಡುವವರು ಇದ್ದಾರೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ ಮುರಿದು ತಿಂದು, ಬೀಗತನಕ್ಕೆ ಬೇರೆ ಲೆಕ್ಕ ಹಾಕುವುದು ಬೂಟಾಟಿಕೆ. ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ವರದಕ್ಷಿಣೆ?

ಬೇಡ. 1961ರಿಂದ ನಮ್ಮ ದೇಶದಲ್ಲಿ ಅದು ಅಪರಾಧವೂ ಹೌದು. ಜಿನೀವಾದಲ್ಲಿ ವರದಕ್ಷಿಣೆ ಪದ್ಧತಿ ಇತ್ತು, ಮುಚ್ಚಿಡುವುದೇನಿಲ್ಲ. ಆದರೆ ಹಣ ಬರಲಿಲ್ಲ ಎಂದು ಮದುವೆ ನಿಲ್ಲಿಸುವಂತಿಲ್ಲ, ಹಣ ಮದುವೆಗೆ ಅಂಟಿಕೊಂಡದ್ದೇ ಹೊರತು ಮದುವೆಯಲ್ಲ ಎಂದು ಕಟ್ಟಳೆ ಹೇಳಿತ್ತು. ಹುಡುಗಿಗೆ ಪ್ರೀತಿಯಿಂದ ಕೊಡುತ್ತಿದ್ದೇವೆ, ಅವರು ಕೇಳಿಲ್ಲ ಎನ್ನುವ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಕೊಡದಿದ್ದರೆ ಮದುವೆ ನಡೆಯುತ್ತಿತ್ತಾ ಎಂದು ಕೇಳಿನೋಡಿ.

ಸೋದರಮಾವನನ್ನು ಮದುವೆಯಾಗಬಹುದಾ? ಅತ್ತೆಯ ಮಗನನ್ನು?

ಹೊರದೇಶದ ರಿಫಾರ್ಮ್ಡ್ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಹುಡುಕಿದರೆ ಸಿಗುವುದು ಕಷ್ಟ, ಯಾಕೆಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಪದೇ ಪದೇ ಕೇಳುತ್ತಾರೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ವಾಡಿಕೆ.

ಯಾಜಕಕಾಂಡ 18ರಲ್ಲಿ ಯಾರನ್ನು ಮದುವೆಯಾಗಬಾರದು ಎಂಬ ಪಟ್ಟಿ ಇದೆ. ಅಪ್ಪನ ಅಕ್ಕ ತಂಗಿ, ಅಮ್ಮನ ಅಕ್ಕ ತಂಗಿ ಬೇಡ ಎಂದು ಅಲ್ಲಿ ನೇರವಾಗಿಯೇ ಇದೆ. ಅಕ್ಕನ ಮಗಳು ಎಂದು ಹೆಸರಿಟ್ಟು ಹೇಳಿಲ್ಲ. ಅದನ್ನು ಹಿಡಿದು ವಾದ ಮಾಡುವವರಿದ್ದಾರೆ. ಆದರೆ ರಿಫಾರ್ಮ್ಡ್ ಓದು ಬೇರೆ. ಗಂಡು ಹೆಣ್ಣು ಅದಲುಬದಲಾದರೂ ರಕ್ತದ ಹತ್ತಿರ ಅಷ್ಟೇ ಅಲ್ವಾ? ಚಿಕ್ಕಮ್ಮ ಮತ್ತು ಅಕ್ಕನ ಮಗ ಎಷ್ಟು ಹತ್ತಿರವೋ, ಸೋದರಮಾವ ಮತ್ತು ಅಕ್ಕನ ಮಗಳೂ ಅಷ್ಟೇ ಹತ್ತಿರ. ಒಂದು ಬೇಡವಾದರೆ ಇನ್ನೊಂದೂ ಬೇಡ.

ಅತ್ತೆಯ ಮಗ, ಮಾವನ ಮಗಳು ವಿಷಯ ಬೇರೆ. ಆ ಸಂಬಂಧ ಯಾಜಕಕಾಂಡದ ಪಟ್ಟಿಯಲ್ಲಿ ಇಲ್ಲ. ಯಾಕೋಬ ಮದುವೆಯಾದ ರಾಹೇಲಳು ಅವನ ಸೋದರಮಾವ ಲಾಬಾನನ ಮಗಳೇ. ಹಾಗಾಗಿ ಅದನ್ನು ಪಾಪ ಎನ್ನಲು ಆಧಾರ ಇಲ್ಲ. ಮುಂದೆ ಹುಟ್ಟುವ ಮಕ್ಕಳ ಆರೋಗ್ಯದ ಪ್ರಶ್ನೆ ಇದ್ದೇ ಇದೆ, ಅದನ್ನು ಡಾಕ್ಟರ ಹತ್ತಿರ ಕೇಳಿ. ಪಾಪವಲ್ಲ ಅಂದ ಮಾತ್ರಕ್ಕೆ ಜಾಣತನ ಎಂದೂ ಅಲ್ಲ.

ಬೇರೆ ಧರ್ಮದವರನ್ನು ಪ್ರೀತಿಸಿದ್ದೇನೆ. ಏನು ಮಾಡಲಿ?

ಅರಿಕೆಯ ಮಾತು ಸರಳ. ಮದುವೆ ಎಲ್ಲರಿಗೂ ಸಲ್ಲುತ್ತದೆ, ಆದರೆ ಕ್ರೈಸ್ತರು ಕರ್ತನಲ್ಲಿರುವವರನ್ನೇ ಮದುವೆಯಾಗಬೇಕು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ, ಅಂದರೆ 1 ಕೊರಿಂಥ 7:39 ಅದರ ಆಧಾರ. ಇದು ಮೇಲು ಕೀಳಿನ ಮಾತಲ್ಲ. ಬದುಕಿನ ಅತಿ ಆಳದ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನೋಡದಿದ್ದರೆ ಆಸರೆ ಎನ್ನುವ ಮೊದಲ ಕಾರಣವೇ ಕುಂಟುತ್ತದೆ. ಮದುವೆಗೋಸ್ಕರ ದೀಕ್ಷಾಸ್ನಾನ ಮಾಡಿಸುವ ಜಾಣತನವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಅದು ಆ ಹುಡುಗನಿಗೂ ಅವಮಾನ, ದೀಕ್ಷಾಸ್ನಾನಕ್ಕೂ ಅವಮಾನ.

ಮದುವೆಯಾದ ಮೇಲೆ ಒಬ್ಬರು ಮಾತ್ರ ನಂಬಿದರೆ? ನಮ್ಮ ನಾಡಿನಲ್ಲಿ ಇದು ತುಂಬಾ ಸಲ ಆಗುತ್ತದೆ. ಪೌಲನ ಉತ್ತರ ಖಚಿತ: ಜೊತೆಯವರು ಇರಲು ಒಪ್ಪಿದರೆ ಬಿಡಬಾರದು. ನಂಬಿದ ಕೂಡಲೇ ಹಳೆಯ ಮದುವೆ ಲೆಕ್ಕಕ್ಕಿಲ್ಲ ಎಂದು ಹೇಳುವ ಬೋಧಕರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ತಾಳಿ ಕಟ್ಟಬಹುದಾ? ಮುಹೂರ್ತ, ಜಾತಕ?

ತಾಳಿ, ಕರಿಮಣಿ, ಉಂಗುರ ಯಾವುದಾದರೂ ಸರಿ. ಅವೆಲ್ಲ ಗುರುತುಗಳು. ದಕ್ಷಿಣ ಭಾರತ ಸಭೆಯ (ಸಿಎಸ್ಐ) ಮದುವೆ ಆರಾಧನೆಯಲ್ಲೇ ತಾಳಿಗೆ ಜಾಗ ಇದೆ. ಮಾತು ಕೊಡುವುದೇ ಮದುವೆ, ಉಳಿದದ್ದು ಆ ಮಾತಿಗೆ ಗಂಟು. ಜಾತಕ ಮತ್ತು ಮುಹೂರ್ತ ಬೇಡ, ರಾಹುಕಾಲ ನೋಡಿ ಗಡಿಯಾರ ತಿರುಗಿಸುವುದೂ ಬೇಡ. ದಿನಗಳೆಲ್ಲ ದೇವರವೇ. ತಮಾಷೆ ಅಂದರೆ ಕಾನೂನಿಗೆ ಒಂದು ಮುಹೂರ್ತ ಇದೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ ಮದುವೆ ನಡೆಯಬೇಕು.

ಜಿನೀವಾದವರು ಇನ್ನೂ ಬಿಗಿ. ಡೋಲು, ಪಿಟೀಲು ಇಲ್ಲದೆ ಮರ್ಯಾದೆಯಾಗಿ ಚರ್ಚಿಗೆ ಬರಬೇಕು, ಗಂಟೆ ನಿಲ್ಲುವ ಮುಂಚೆ ಒಳಗಿರಬೇಕು. ಡಿಜೆ ಇಟ್ಟು ಎರಡು ಗಂಟೆ ತಡವಾಗಿ ಬರುವ ನಮ್ಮ ಮದುವೆಗಳನ್ನು ಅವರು ನೋಡದೇ ಇದ್ದದ್ದು ಒಳ್ಳೆಯದಾಯಿತು.

ಗಂಡ ತಲೆ, ಹೆಂಡತಿ ಅಧೀನ. ಈ ಕಾಲದಲ್ಲೂ ಇದನ್ನು ಹೇಳುತ್ತೀರಾ?

ಹೇಳುತ್ತೇವೆ. ಆದರೆ ಪೂರ್ತಿ ಓದಿ ಹೇಳಬೇಕು. ಎಫೆಸ 5ರಲ್ಲಿ ಹೆಂಡತಿಯರಿಗೆ ಹೇಳಿದ್ದು 22ರಿಂದ 24ನೇ ವಚನ. 25ರಿಂದ ಮುಂದೆ ಅಧ್ಯಾಯ ಮುಗಿಯುವ ತನಕ ಬಹುಪಾಲು ಗಂಡಂದಿರಿಗೇ. ಆ ಮೊದಲ ಮೂರನ್ನು ಬಾಯಿಪಾಠ ಮಾಡಿರುವ ಗಂಡಸರಿಗೆ ಉಳಿದದ್ದು ಯಾಕೋ ನೆನಪಿರುವುದಿಲ್ಲ. ಗಂಡನಿಗೆ ಹೇಳಿರುವುದು ಏನು? ಕ್ರಿಸ್ತನು ಸಭೆಯನ್ನು ಪ್ರೀತಿಸಿದ ಹಾಗೆ ಪ್ರೀತಿಸು. ಅವನು ಹೇಗೆ ಪ್ರೀತಿಸಿದ? ಕಾಲು ತೊಳೆದ, ಪ್ರಾಣ ಕೊಟ್ಟ. ತಲೆಯಾಗುವುದು ಅಂದರೆ ಮೊದಲು ಕ್ಷಮೆ ಕೇಳುವವನು, ಮೊದಲು ಎದ್ದು ಅಳುವ ಮಗುವನ್ನು ಎತ್ತಿಕೊಳ್ಳುವವನು, ಮೊದಲು ತನ್ನ ಇಷ್ಟ ಬಿಡುವವನು. ಕಾಫಿ ತಾ ಎನ್ನುವ ಅಧಿಕಾರ ಅಲ್ಲಿ ಎಲ್ಲೂ ಇಲ್ಲ.

ಇನ್ನೊಂದು ವಚನವನ್ನು ನಾವು ಸಾಕಷ್ಟು ಓದುವುದಿಲ್ಲ. 1 ಕೊರಿಂಥ 7:4. ಹೆಂಡತಿಯ ಮೈ ಮೇಲೆ ಗಂಡನಿಗೆ ಹಕ್ಕು ಇರುವಂತೆಯೇ ಗಂಡನ ಮೈ ಮೇಲೆ ಹೆಂಡತಿಗೂ ಹಕ್ಕಿದೆ ಎನ್ನುತ್ತಾನೆ ಪೌಲ. ಅಂದಿನ ರೋಮ್ ಸಾಮ್ರಾಜ್ಯದಲ್ಲಿ ಮೊದಲ ಅರ್ಧ ಯಾರಿಗೂ ಹೊಸದಲ್ಲ. ಎರಡನೆಯ ಅರ್ಧ ಕೇಳಿದವರು ಬೆಚ್ಚಿಬಿದ್ದಿರಬೇಕು.

ರಿಫಾರ್ಮ್ಡ್ ಪರಂಪರೆ ಇದನ್ನು ಯಾವಾಗಲೂ ಚೆನ್ನಾಗಿ ನಡೆಸಿತು ಎಂದು ಹೇಳಲಾರೆ. 1620ರ ಸುಮಾರಿಗೆ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಸಭೆಯ ಪಾದ್ರಿ ವಿಲಿಯಂ ಗೂಜ್, ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಮನೆಯ ಸೊತ್ತನ್ನು ಯಾರಿಗೂ ಕೊಡುವಂತಿಲ್ಲ ಎಂದು ಬೋಧಿಸಿದ. ಸಭೆಯ ಹೆಂಗಸರು ಗೊಣಗಿದರು. ಹೆಂಗಸರನ್ನು ಕಂಡರೆ ಆಗದವನು ಎಂಬ ಹೆಸರೂ ಬಂತು. ಪುಸ್ತಕ ಅಚ್ಚು ಮಾಡುವಾಗ ಪಾಪ, ಮುನ್ನುಡಿಯಲ್ಲಿ ಸಮಜಾಯಿಷಿ ಬರೆಯಬೇಕಾಯಿತು. ಆ ಹೆಂಗಸರ ಬಗ್ಗೆ ನನಗೆ ಗೌರವ ಇದೆ.

ಇಂದು ಈ ವಿಷಯದಲ್ಲಿ ರಿಫಾರ್ಮ್ಡ್ ಸಭೆಗಳೆಲ್ಲ ಒಂದೇ ಮಾತಿನವರಲ್ಲ. ಕೆಲವರು ಮೇಲೆ ಹೇಳಿದ ಹಾಗೆ ತಲೆತನವನ್ನು ಉಳಿಸಿಕೊಂಡಿದ್ದಾರೆ. ಕೆಲವರು ಎಫೆಸ 5ರ 21ನೇ ವಚನದ 'ಒಬ್ಬರಿಗೊಬ್ಬರು ಅಧೀನರಾಗಿರಿ' ಎಂಬ ಮಾತನ್ನು ಮುಂದಿಟ್ಟು ಇಬ್ಬರೂ ಸಮ ಎನ್ನುತ್ತಾರೆ.

ಗಂಡ ಹೊಡೆಯುತ್ತಾನೆ. ಸಹಿಸಿಕೊ, ಪ್ರಾರ್ಥನೆ ಮಾಡು ಎನ್ನುತ್ತಾರೆ. ಅದು ಸರಿಯಾ?

ಸರಿಯಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ. ತವರಿಗೆ, ಗೆಳತಿಯ ಮನೆಗೆ, ಎಲ್ಲಿಗಾದರೂ. ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಹೇಳುವುದು ನಂಬಿಕೆ ಇಲ್ಲದವರ ಲಕ್ಷಣವಲ್ಲ. ಕೆಟ್ಟದ್ದನ್ನು ತಡೆಯಲು ದೇವರು ಸರ್ಕಾರವನ್ನು ಇಟ್ಟಿದ್ದಾನೆ ಎಂದು ರೋಮಾಪುರ 13 ಹೇಳುತ್ತದೆ.

ವರ್ಷಗಳ ಹಿಂದೆ ನನ್ನ ಹತ್ತಿರದ ಬಂಧುವೊಬ್ಬಳು ಹೀಗೇ ಹಿರಿಯರ ಬಳಿ ಹೋದಾಗ ಅವರು ಒಂದು ವಚನ ಕೊಟ್ಟು ವಾಪಸ್ ಕಳಿಸಿದರು. ಆಗ ನಾನೂ ಬಾಯಿ ಬಿಡಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಈ ಉತ್ತರವನ್ನು ಇಷ್ಟು ಗಟ್ಟಿಯಾಗಿ ಬರೆಯುತ್ತಿದ್ದೇನೆ.

ಪರಂಪರೆಯಲ್ಲೂ ಇದಕ್ಕೆ ಆಧಾರ ಇದೆ. ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು 1641ರಲ್ಲೇ, ಹೆಂಡತಿ ಮೇಲೆ ಬಿದ್ದಾಗ ತನ್ನನ್ನು ಕಾಪಾಡಿಕೊಳ್ಳಲು ಹೊರತು ಗಂಡ ಹೆಂಡತಿಯ ಮೇಲೆ ಕೈ ಮಾಡುವಂತಿಲ್ಲ ಎಂದು ಕಾನೂನು ಬರೆದಿಟ್ಟರು. ಹಾಗೆಂದು ಜಿನೀವಾದ ಕಥೆ ಅಷ್ಟು ಚಂದ ಇಲ್ಲ. ಅಲ್ಲಿನ ಹಿರಿಯರ ಸಭೆ ಹೊಡೆಯುವ ಗಂಡನನ್ನು ಕರೆಸಿ ಗದರಿಸುತ್ತಿತ್ತು, ಆದರೆ ಬಹಳ ಸಲ ಹೆಂಡತಿಯನ್ನು ಅದೇ ಮನೆಗೆ ಕಳಿಸುತ್ತಿತ್ತು.

ವಿಚ್ಛೇದನಕ್ಕೆ ಅವಕಾಶ ಇದೆಯಾ?

ಇದೆ, ಬಾಗಿಲು ಚಿಕ್ಕದು. ಅರಿಕೆ ಎರಡು ಕಾರಣ ಕೊಡುತ್ತದೆ. ಒಂದು ವ್ಯಭಿಚಾರ, ಮತ್ತಾಯ 19ರ ಆಧಾರದ ಮೇಲೆ. ಇನ್ನೊಂದು, ಸಭೆಯಾಗಲಿ ಸರ್ಕಾರವಾಗಲಿ ಸರಿಪಡಿಸಲಾಗದ ಹಾಗೆ ಬೇಕೆಂದೇ ಬಿಟ್ಟುಹೋಗುವುದು. ಇದಕ್ಕೆ 1 ಕೊರಿಂಥ 7:15 ಆಧಾರ. ತಪ್ಪು ಮಾಡದವರು ಮತ್ತೆ ಮದುವೆಯಾಗಬಹುದು. ಮಾತು ಮುರಿದವನು ಮುರಿದಾಗಿದೆ, ವಿಚ್ಛೇದನ ಅದನ್ನು ಬಾಯಿಬಿಟ್ಟು ಹೇಳುತ್ತದೆ ಅಷ್ಟೇ ಎಂಬುದು ಇದರ ಹಿಂದಿನ ಯೋಚನೆ.

ಇದು ಬರೀ ಪುಸ್ತಕದ ಮಾತಲ್ಲ. ಕ್ಯಾಲ್ವಿನ್‌ನ ಸ್ವಂತ ತಮ್ಮ ಆಂತ್ವಾನ್, ಹೆಂಡತಿಯ ವ್ಯಭಿಚಾರದ ಕಾರಣಕ್ಕೆ 1557ರಲ್ಲಿ ವಿಚ್ಛೇದನ ಪಡೆದ. ಅವರ ಸಂಸಾರ ಇದ್ದದ್ದು ಕ್ಯಾಲ್ವಿನ್ ಮನೆಯಲ್ಲೇ. ಎರಡನೆಯ ಕಾರಣಕ್ಕೆ ಹೆಸರಾದದ್ದು ನೇಪಲ್ಸ್ ಕಡೆಯ ಶ್ರೀಮಂತ ಗಲೆಯಾತ್ಸೊ ಕರಾಚ್ಚೊಲೊ. ಹೊಸ ನಂಬಿಕೆಗಾಗಿ ಅವನು 1551ರಲ್ಲಿ ಎಲ್ಲ ಬಿಟ್ಟು ಜಿನೀವಾಕ್ಕೆ ಬಂದ. ಹೆಂಡತಿ ವಿತ್ತೋರಿಯಾ ಬರಲಿಲ್ಲ. ಅವನು ವಾಪಸ್ ಹೋಗಿ ಕೇಳಿಕೊಂಡ. ಪಾಷಂಡಿಯ ಜೊತೆ ಬಾಳಲಾರೆ ಎಂದಳು. ಜಿನೀವಾದವರು ಬೇರೆ ಊರಿನ ಸಭೆಗಳನ್ನೂ ಕೇಳಿ, ಬಹಳ ಯೋಚಿಸಿ, 1559ರಲ್ಲಿ ವಿಚ್ಛೇದನ ಕೊಟ್ಟರು. ಬಿಟ್ಟು ಹೋದವರು ಯಾರು, ಅವಳೋ ಅವನೋ? ಈ ಕಥೆ ಓದಿದಾಗೆಲ್ಲ ನನಗೆ ಅವಳ ನೆನಪೇ ಜಾಸ್ತಿ ಬರುತ್ತದೆ.

ಹಿಂಸೆಯನ್ನು ಬಿಟ್ಟುಹೋಗುವುದರ ಸಾಲಿಗೆ ಸೇರಿಸಬಹುದಾ? ಸೇರಿಸಬಹುದು ಎನ್ನುವವರು ಹಿಂದೆಯೂ ಇದ್ದರು. 1600ರ ಸುಮಾರಿಗೆ ಪ್ಯೂರಿಟನ್ ವಿಲಿಯಂ ಪರ್ಕಿನ್ಸ್ ತಡೆಯಲಾರದ ಕ್ರೌರ್ಯವೂ ಬಿಟ್ಟುಹೋದ ಹಾಗೇ ಎಂದ. ಹೊಡೆದು ಹೊರಗೆ ಓಡಿಸಿದವನೇ ಬಿಟ್ಟುಹೋದವನು. ನನಗೆ ಅದೇ ಸರಿ ಕಾಣುತ್ತದೆ.

ಕಾನೂನಿನ ಮಾತು ಬೇರೆ. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು. ಹೆಂಡತಿ ಮಾತ್ರ ಅದರ ಜೊತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ತೋರಿಸಬೇಕಿತ್ತು. ಈ ಅನ್ಯಾಯ ಸರಿಹೋಗಲು 2001ರ ತಿದ್ದುಪಡಿ ಬರಬೇಕಾಯಿತು. ಕೋರ್ಟು ಈಗ ಇಬ್ಬರ ಒಪ್ಪಿಗೆಯ ವಿಚ್ಛೇದನವನ್ನೂ ಕೊಡುತ್ತದೆ. ಕೋರ್ಟು ಕೊಟ್ಟದ್ದನ್ನೆಲ್ಲ ಸಭೆ ಸರಿ ಎನ್ನಬೇಕಾಗಿಲ್ಲ. ಹಾಗೆಂದು ವಿಚ್ಛೇದನ ಆದವರನ್ನು ಹಿಂದಿನ ಬೆಂಚಿಗೆ ತಳ್ಳುವ ಹಕ್ಕೂ ಸಭೆಗೆ ಇಲ್ಲ.

ಒಂದೇ ಲಿಂಗದವರ ಮದುವೆ?

ಅರಿಕೆ ಮದುವೆ ಒಬ್ಬ ಗಂಡು, ಒಬ್ಬ ಹೆಣ್ಣಿನ ನಡುವೆ ಎನ್ನುತ್ತದೆ. ಅದನ್ನು ಹಿಡಿದಿರುವ ಸಭೆಗಳು ಇಂದಿಗೂ ಹಾಗೇ ಕಲಿಸುತ್ತವೆ, ನಮ್ಮದೂ ಸೇರಿ. ಅಮೆರಿಕದ ದೊಡ್ಡ ಪ್ರೆಸ್ಬಿಟೀರಿಯನ್ ಸಭೆಯೊಂದು 2015ರಲ್ಲಿ ತನ್ನ ಮಾತನ್ನು ಬದಲಿಸಿತು. ಈ ವಿಷಯಕ್ಕೆ ಸಭೆಗಳು ಒಡೆದಿವೆ. ಪ್ರಶ್ನೆ ಕೇಳುವ ಹುಡುಗನನ್ನೋ ಹುಡುಗಿಯನ್ನೋ ಗೇಲಿ ಮಾಡಿ ಓಡಿಸುವುದು ಮಾತ್ರ ಯಾವ ಅರಿಕೆಯಲ್ಲೂ ಇಲ್ಲ.

ಮದುವೆ ಬೇಡ ಅನಿಸುತ್ತದೆ. ಅದು ತಪ್ಪಾ?

ಇಲ್ಲ. ಯೇಸು ಮದುವೆಯಾಗಲಿಲ್ಲ. ಮಂಗಳೂರಿಗೆ ಬಂದ ಮೊದಲ ಬಾಸೆಲ್ ಮಿಷನರಿಗಳಲ್ಲಿ ಒಬ್ಬನಾದ ಸಾಮುವೆಲ್ ಹೇಬಿಕ್ ಕೂಡ ಕೊನೆಯ ತನಕ ಒಂಟಿ. ಸುಧಾರಕರು ಮದುವೆಯನ್ನು ಎತ್ತಿ ಹಿಡಿಯುವ ಭರದಲ್ಲಿ ಒಂಟಿ ಬದುಕಿನ ಬಗ್ಗೆ ಕಡಿಮೆ ಮಾತಾಡಿದರು, ಅದನ್ನು ಒಪ್ಪಿಕೊಳ್ಳಬೇಕು. ಹೈಡೆಲ್‌ಬರ್ಗ್ ಪ್ರಶ್ನೋತ್ತರ ಮಾತ್ರ ಮದುವೆಯ ಒಳಗಿದ್ದರೂ ಹೊರಗಿದ್ದರೂ ಶುದ್ಧವಾಗಿ ಬಾಳು ಎಂದು ಇಬ್ಬರಿಗೂ ಒಂದೇ ಮಾತು ಹೇಳುತ್ತದೆ. ಮೂವತ್ತು ದಾಟಿದ ಹುಡುಗಿ ಚರ್ಚಿಗೆ ಬಂದಾಗ ಎಲ್ಲರೂ ಯಾವಾಗ ಊಟ ಹಾಕಿಸುತ್ತೀಯ ಎಂದು ಕೇಳುವುದನ್ನು ನಿಲ್ಲಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ವಯಸ್ಸಿನ ಅಂತರ ಎಷ್ಟಿರಬೇಕು?

ಬೈಬಲಿನಲ್ಲಿ ಲೆಕ್ಕ ಇಲ್ಲ. ಕ್ಯಾಲ್ವಿನ್‌ನ ಹಳೆಯ ಗೆಳೆಯ ಗಿಯೋಮ್ ಫರೆಲ್ 1558ರಲ್ಲಿ, 69ನೇ ವಯಸ್ಸಿನಲ್ಲಿ, ಹದಿಹರೆಯದ ಹುಡುಗಿಯನ್ನು ಮದುವೆಯಾದ. ಕ್ಯಾಲ್ವಿನ್ ಮದುವೆಗೆ ಹೋಗಲಿಲ್ಲ. ನಾನೂ ಹೋಗುತ್ತಿರಲಿಲ್ಲ.

ಸತ್ತ ಮೇಲೂ ಗಂಡ ಹೆಂಡತಿಯಾಗಿ ಇರುತ್ತೇವಾ?

ವಯಸ್ಸಾದವರು, ಜೊತೆಯವರನ್ನು ಕಳೆದುಕೊಂಡವರು ಕೇಳುವ ಪ್ರಶ್ನೆ ಇದು. ಏಳೇಳು ಜನ್ಮದ ನಂಟು ಎಂದು ನಮ್ಮ ಸುತ್ತ ಹೇಳುತ್ತಾರೆ. ಯೇಸು ಮತ್ತಾಯ 22ರಲ್ಲಿ ಪುನರುತ್ಥಾನದ ನಂತರ ಮದುವೆ ಇರುವುದಿಲ್ಲ ಎನ್ನುತ್ತಾನೆ. ಮರಣವು ಅಗಲಿಸುವ ತನಕ ಎಂದು ನಾವು ಮಾತು ಕೊಡುವುದು ಅದಕ್ಕೇ. ವಿಧವೆ, ವಿಧುರರು ಮತ್ತೆ ಮದುವೆಯಾಗಬಹುದು, ಅದರಲ್ಲಿ ಯಾವ ದ್ರೋಹವೂ ಇಲ್ಲ. ಆದರೆ ಪ್ರೀತಿಸಿದವರ ಗುರುತೇ ಅಲ್ಲಿ ಅಳಿಸಿಹೋಗುತ್ತದೆ ಎಂದು ಯೇಸು ಹೇಳಲಿಲ್ಲ.

ಕ್ಯಾಲ್ವಿನ್ ಹೆಂಡತಿ ಇದೆಲೆತ್ 1549ರ ಮಾರ್ಚ್‌ನಲ್ಲಿ ತೀರಿಕೊಂಡಳು. ಸಾಯುವ ಕೆಲವು ದಿನ ಮುಂಚೆ ಕ್ಯಾಲ್ವಿನ್ ಅವಳ ಮೊದಲ ಮದುವೆಯ ಮಕ್ಕಳ ಮಾತು ತೆಗೆದ. ಅವಳಿಗೆ ಕೇಳಲು ಸಂಕೋಚ ಇರಬಹುದು ಎಂದು ತಾನೇ ಶುರು ಮಾಡಿದ. ಅವರನ್ನು ಆಗಲೇ ದೇವರಿಗೆ ಒಪ್ಪಿಸಿದ್ದೇನೆ ಎಂದಳು. ಹಾಗಂತ ನನ್ನ ಪಾಲಿನ ಕೆಲಸ ತಪ್ಪುವುದಿಲ್ಲವಲ್ಲ ಎಂದ. ದೇವರಿಗೆ ಒಪ್ಪಿಸಿದ್ದನ್ನು ನೀವು ಕೈಬಿಡುವುದಿಲ್ಲ ಎಂದು ನನಗೆ ಗೊತ್ತು ಎಂದಳು. ಆಗ ಅವನಿಗೆ ಇನ್ನೂ 40 ತುಂಬಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ.